ಸಪೋಟ ಒತ್ತಿ ನೋಡುವಷ್ಟು ಸಾಕು

ಹುಬ್ಬಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ನೀಲಿ ಕಲೆ. ನಿವೃತ್ತ ಮೇಷ್ಟ್ರೊಬ್ಬರು ಹಾಗೆ ಬಂದು ಎದುರಿಗೆ ಕುಳಿತಾಗ, ಎಲ್ಲಾದರೂ ಬಿದ್ದಿರಾ ಎಂದು ಕೇಳಿದೆ. ‘ಇಲ್ಲ ಡಾಕ್ಟರಮ್ಮ, ತಲೆನೋವಿಗೆ ಅಕ್ಯುಪ್ರೆಶರ್ ಮಾಡಿಕೊಂಡೆ’ ಎಂದು ಜೇಬಿನಿಂದ ಪೆನ್ನು ತೆಗೆದು ಅದರ ಹಿಂತುದಿ ತೋರಿಸಿದರು. ಮೊಬೈಲಿಗೆ ಬಂದ ವಿಡಿಯೊ ನೋಡಿ, ದಿನಕ್ಕೆ ಮೂರು ಸಲ, ಕಣ್ಣಲ್ಲಿ ನೀರು ಬರುವವರೆಗೆ ಒತ್ತಿಕೊಂಡಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿರುವವರು ಅವರು. ‘ಅಷ್ಟು ನೋಯುತ್ತದೆ ಎಂದರೆ ತೊಂದರೆ ಇರುವುದು ಅಲ್ಲೇ ತಾನೇ? ನೋವಾದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದು ತಾನೇ?’

ಪ್ರಕೃತಿ ಚಿಕಿತ್ಸೆಯ ವೈದ್ಯೆಯಾದ ನನ್ನ ಕಿವಿಗೆ ಈ ಎರಡು ಪ್ರಶ್ನೆಗಳು ಬೀಳದ ವಾರವಿಲ್ಲ. ಎರಡಕ್ಕೂ ಉತ್ತರ ಒಂದೇ: ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ಮನೆಗೆ ಹೋಗಿ ಮತ್ತೆ ಗಟ್ಟಿಯಾಗಿಯೇ ಒತ್ತುತ್ತಾರೆ. ಹಾಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹುಬ್ಬಿನ ಒಳತುದಿಯಿಂದ ಹೊರಗೆ ನಿಧಾನವಾಗಿ ಬೆರಳು ಸರಿಸಿ. ಕಣ್ಣಿನ ಗೂಡಿನ ಮೇಲಂಚಿನ ಮೂಳೆಯಲ್ಲಿ ಒಂದು ಸಣ್ಣ ತಗ್ಗು ಸಿಗುತ್ತದೆ. ಹಣೆಗೆ ಹೋಗುವ ನರ ಮೂಳೆಯನ್ನು ದಾಟಿ ಹೊರಬರುವ ಜಾಗ ಅದು. ಕಣ್ಣಿನ ಗೂಡಿನ ಕೆಳಗೆ, ಕೆನ್ನೆಯಲ್ಲಿ ಅಂಥದೇ ಇನ್ನೊಂದು ಜಾಗವಿದೆ; ಗಲ್ಲದ ಪಕ್ಕದಲ್ಲಿ ಮತ್ತೊಂದು. ನೇರ ನೋಡುವಾಗ ಕಣ್ಣಿನ ಪಾಪೆಯಿಂದ ತೂಗುಗುಂಡು ಬಿಟ್ಟರೆ ಈ ಮೂರೂ ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ಬರುತ್ತವೆ. ಮುಖದ ಒಂದೊಂದು ಜಾಗಕ್ಕೆ ಒಂದೊಂದು ಅಂಗವೆಂದು ಗುರುತಿಸುವ ಅಕ್ಯುಪ್ರೆಶರ್ ನಕ್ಷೆಗಳಲ್ಲಿ ತೋರಿಸುವ ಹಲವು ಬಿಂದುಗಳು ಇರುವುದು ಈ ಜಾಗಗಳ ಆಸುಪಾಸಿನಲ್ಲೇ. ಕೆಳಗೆ ಮೂಳೆ, ಮೇಲೆ ತೆಳು ಚರ್ಮ, ನಡುವೆ ನರ. ಅಲ್ಲಿ ಜೋರಾಗಿ ಒತ್ತಿದರೆ ಕುಸ್ತಿ ಪೈಲ್ವಾನನೂ ನರಳುತ್ತಾನೆ. ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿದವರು ನೋವಿಗೆ ಪ್ರತಿಕ್ರಿಯಿಸುತ್ತಾರೆಯೇ ಎಂದು ನೋಡಲು ವೈದ್ಯರು ಒತ್ತುವುದೂ ಹುಬ್ಬಿನ ಇದೇ ತಗ್ಗನ್ನೇ, ಅದು ಎಲ್ಲರಿಗೂ ನೋಯುತ್ತದೆ ಎಂಬ ಕಾರಣಕ್ಕೆ. ಹಾಗಿರುವಾಗ ಅಲ್ಲಿಯ ನೋವನ್ನು ಹಿಡಿದು ‘ನನಗೆ ಸೈನಸ್ ಇದೆ’, ‘ನನ್ನ ಪಿತ್ತಕೋಶ ಕೆಟ್ಟಿದೆ’ ಎಂದು ನಿರ್ಧರಿಸುವುದು ಹೇಗೆ? ಒಬ್ಬ ತಾಯಿ ಮಗಳ ಕೆನ್ನೆ ಒತ್ತಿ ನೋಡಿ, ಕಿಡ್ನಿ ಹೋಗಿದೆ ಎಂದು ಅಳುತ್ತಾ ಬಂದಿದ್ದರು. ಆ ಹುಡುಗಿಯ ಕಿಡ್ನಿಗೆ ಏನೂ ಆಗಿರಲಿಲ್ಲ. ಅಂಗಗಳ ಸ್ಥಿತಿ ತಿಳಿಯಬೇಕಾದರೆ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಇವೆ. ಮುಖ ಒತ್ತಿ ತಿಳಿಯಲು ಬರುವುದಿಲ್ಲ.

ಮುಖದ ಮೇಲೆ ಇಡೀ ದೇಹವನ್ನು ಗುರುತಿಸುವ ನಕ್ಷೆ ಸಾವಿರಾರು ವರ್ಷ ಹಳೆಯದು ಎಂದೂ ಜನ ನಂಬಿದ್ದಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ದಿಯೆನ್ ಚಾನ್ ಪದ್ಧತಿಯನ್ನು ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಬುಯಿ ಕ್ವೋಕ್ ಚೌ ಆರಂಭಿಸಿದ್ದು 1980ರಲ್ಲಿ. ಪಾದದ ಮೇಲೆ ಹಾಗೆಯೇ ಅಂಗಗಳನ್ನು ಗುರುತಿಸುವ ನಕ್ಷೆಯನ್ನು ಅಮೆರಿಕದ ಯೂನಿಸ್ ಇಂಗ್‌ಹ್ಯಾಮ್ ರೂಪಿಸಿದ್ದು 1930ರ ದಶಕದಲ್ಲಿ. ಹೊಸದು ಎಂಬ ಕಾರಣಕ್ಕೆ ತಳ್ಳಿಹಾಕಬೇಕು ಎಂದು ನಾನು ಹೇಳುವುದಿಲ್ಲ. ಮುಖ ಮುಟ್ಟಿಸಿಕೊಂಡವರ ಉಸಿರು ನಿಧಾನವಾಗುವುದನ್ನು, ಬಿಗಿದ ದವಡೆ ಸಡಿಲವಾಗುವುದನ್ನು ದಿನವೂ ನೋಡುತ್ತೇನೆ. ಆದರೆ ನಕ್ಷೆಯಲ್ಲಿ ಯಕೃತ್ತು ಎಂದು ಬರೆದ ಜಾಗ ಒತ್ತಿದರೆ ಯಕೃತ್ತು ಸರಿಹೋಗುತ್ತದೆ ಎಂದು ಮಾತ್ರ ಯಾರಿಗೂ ಮಾತು ಕೊಡಲಾರೆ.

ಗಟ್ಟಿಯಾದ ಪುರಾವೆ ಇರುವುದು ಮುಂಗೈಯ ಒಂದು ಬಿಂದುವಿಗೆ. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿರುವ 361 ಬಿಂದುಗಳಲ್ಲಿ ಅದೂ ಒಂದು; ಹೆಸರು ನೇಯ್‌ಗುವಾನ್. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಳಕೈ ಕಡೆಗೆ ಮೂರು ಬೆರಳು ಅಡ್ಡ ಇಡಿ. ಅದರಾಚೆ, ಹಗ್ಗದಂತೆ ಸಿಗುವ ಎರಡು ಸ್ನಾಯುರಜ್ಜುಗಳ ನಡುವೆ ಇದೆ. ಯಾರ ಕೈಯೋ ಅವರದೇ ಬೆರಳಿನ ಅಳತೆ ಬೇಕು. ಮಗುವಿನ ಕೈಗೆ ಅಪ್ಪನ ಮೂರು ಬೆರಳಿಟ್ಟರೆ ಜಾಗ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ವಾಂತಿ ಈ ಬಿಂದುವನ್ನು ಪ್ರಚೋದಿಸಿದರೆ ತಗ್ಗುತ್ತವೆ ಎಂಬುದನ್ನು, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ 59 ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡಿದೆ. ಅವುಗಳಲ್ಲಿ ಭಾಗವಹಿಸಿದವರು ಏಳೂವರೆ ಸಾವಿರಕ್ಕೂ ಹೆಚ್ಚು. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಬರುವ ವಾಂತಿಗೆ ಪುರಾವೆ ಅಷ್ಟು ಬಲವಾಗಿಲ್ಲ. ಆದರೂ ಒತ್ತಿ ನೋಡಿ ಎನ್ನುತ್ತೇನೆ, ಮೆತ್ತಗೆ ಒತ್ತಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಮೆತ್ತಗೆ ಎಂದರೆ ಎಷ್ಟು? ನನ್ನ ಮೇಜಿನ ಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೇನೆ. ಹುಬ್ಬು ಹೇಗೆ ಒತ್ತಿಕೊಂಡಿರೋ ಹಾಗೆಯೇ ಇದನ್ನು ಒತ್ತಿ ಎಂದು ಮೇಷ್ಟ್ರಿಗೆ ಹೇಳಿದೆ. ಪೆನ್ನಿನ ಹಿಂತುದಿ ಊರಿದರು. ಅಂಕಿ ಎರಡೂವರೆ ಕಿಲೋ ದಾಟಿತು. ಈಗ ಪೆನ್ನು ಬಿಟ್ಟು ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಅಷ್ಟೇ ಭಾರ ಹಾಕಿ ಎಂದೆ. ಹಾಕಿದರು, ಬೆರಳನ್ನೊಮ್ಮೆ ನೋಡಿಕೊಂಡರು, ಪೆನ್ನನ್ನು ನೋಡಿದರು. ‘ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟೆನಲ್ಲಮ್ಮ’ ಎಂದು ಸುಮ್ಮನಾದರು. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಮುಖಕ್ಕೆ ನಾನು ಹೇಳುವ ಲೆಕ್ಕ ಕಾಲು ಕಿಲೋದಿಂದ ಅರ್ಧ ಕಿಲೋ, ಅದೂ ಬೆರಳಿನ ಮೆತ್ತನೆಯ ಭಾಗದಿಂದ. ತಕ್ಕಡಿ ಇಲ್ಲದಿದ್ದರೆ ಸಪೋಟ ನೆನಪಿಸಿಕೊಳ್ಳಿ. ಹಣ್ಣಾಗಿದೆಯೇ ಎಂದು ಅಂಗಡಿಯವನು ಬೈಯದ ಹಾಗೆ ಒತ್ತಿ ನೋಡುತ್ತೀರಲ್ಲ, ಅಷ್ಟು. ಉಗುರು ಕತ್ತರಿಸಿರಲಿ. ಪೆನ್ನು, ಬಾಚಣಿಗೆಯ ತುದಿ, ಸಂತೆಯಲ್ಲಿ ಸಿಗುವ ಮರದ ಮುಳ್ಳಿನ ಕಡ್ಡಿ ಇವು ಯಾವುವೂ ಮುಖಕ್ಕೆ ಬೇಡ.

ದಿನವೂ ಮಾಡಿಕೊಳ್ಳಲು ಇಷ್ಟು ಸಾಕು. ಹಲ್ಲು ಕಚ್ಚಿದಾಗ ದವಡೆಯ ಮೂಲೆಯಲ್ಲಿ ಒಂದು ಸ್ನಾಯು ಉಬ್ಬುತ್ತದೆ. ಹಲ್ಲು ಬಿಡಿಸಿ, ಬಾಯಿ ತುಸು ತೆರೆದು ಅಲ್ಲಿ ಮೂರು ಬೆರಳು ಇಡಿ. ಉಜ್ಜಬೇಡಿ, ಇಟ್ಟುಕೊಂಡೇ ಹತ್ತು ನಿಧಾನ ಉಸಿರು ಬಿಡಿ. ಬಳಿಕ ಕಣತಲೆಗೂ ಹಾಗೆಯೇ. ಊಟದ ಮೆಸ್ ನಡೆಸುವ ಹೆಣ್ಣುಮಗಳೊಬ್ಬರು ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಕುಳಿತು ಐದು ನಿಮಿಷ ಇದನ್ನು ಮಾಡುತ್ತಾರೆ. ಅವರಿಗೆ ಹಿತವಾಗಿರುವುದು ಬಿಂದುವಿನಿಂದಲೋ, ಬೆಳಿಗ್ಗೆ ಐದರಿಂದ ಮೊದಲ ಬಾರಿಗೆ ಕುಳಿತದ್ದರಿಂದಲೋ ಎಂದು ಕೇಳಿದರೆ, ಎರಡರಿಂದಲೂ ಇರಬಹುದು ಎನ್ನುತ್ತೇನೆ.

ಕಣ್ಣುಗುಡ್ಡೆಯನ್ನು ಮಾತ್ರ ಎಂದೂ ಒತ್ತಬೇಡಿ. ಹಾಗೆ ಒತ್ತಿದರೆ ನಾಡಿಬಡಿತ ಇಳಿಯುತ್ತದೆ ಎಂಬುದನ್ನು ವೈದ್ಯಶಾಸ್ತ್ರ 1908ರಲ್ಲೇ ದಾಖಲಿಸಿದೆ. ಕುತ್ತಿಗೆಯ ಪಕ್ಕ ನಾಡಿ ಮಿಡಿಯುವ ಜಾಗವೂ ಹಾಗೆಯೇ, ಮುಖ್ಯವಾಗಿ ವಯಸ್ಸಾದವರಿಗೆ. ಮೂಗಿನಿಂದ ಬಾಯಿಯ ಎರಡು ತುದಿಗಳ ನಡುವೆ ಗುಳ್ಳೆ, ಕುರು ಎದ್ದಿದ್ದರೆ ಮುಟ್ಟಬೇಡಿ. ಅಲ್ಲಿಯ ರಕ್ತನಾಳಗಳಿಗೆ ತಲೆಯೊಳಗಿನ ನಾಳಗಳ ಸಂಪರ್ಕವಿದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಪಾದ ಒತ್ತಿಕೊಳ್ಳುವ ಮುಳ್ಳಿನ ಮಣೆ ಬೇಡವೇ ಬೇಡ, ಗಾಯವಾದರೂ ಗೊತ್ತಾಗುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವಿನ ಬಿಂದುವನ್ನು ಬಸುರಿಯರಿಗೆ ಒತ್ತಬಾರದು ಎಂಬುದು ಪರಂಪರೆಯ ಎಚ್ಚರಿಕೆ. ನಾನೂ ಅದನ್ನು ಪಾಲಿಸುತ್ತೇನೆ. ಮುಖ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಎದೆ ಬಿಗಿತದ ಜೊತೆ ದವಡೆ ನೋವು ಬಂದರೆ ಬಿಂದು ಹುಡುಕುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮುಖ ಒತ್ತಿಕೊಳ್ಳುವುದನ್ನು ಇಂದೇ ನಿಲ್ಲಿಸಿ ಎಂದು ಮೇಷ್ಟ್ರಿಗೆ ಹೇಳಿದೆ. ಕಲೆಯ ವಿಷಯವನ್ನು ಹೃದಯದ ವೈದ್ಯರಿಗೆ ತಿಳಿಸಿ, ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ ಎಂದೆ. ತಲೆನೋವು ಬರುವುದು ಸಂಜೆ ಪತ್ರಿಕೆ ಓದಿದ ಮೇಲೆ ಎಂದು ಮಾತಿನ ನಡುವೆ ಹೇಳಿದ್ದರಿಂದ ಕಣ್ಣಿನ ವೈದ್ಯರ ಬಳಿಗೂ ಕಳಿಸಿದೆ. ಕನ್ನಡಕದ ನಂಬರು ಬದಲಾಗಿತ್ತು. ಹೊಸ ಕನ್ನಡಕ ಬಂದ ಮೇಲೆ ನೋವು ಮುಕ್ಕಾಲು ಪಾಲು ಹೋಗಿದೆಯಂತೆ. ಉಳಿದ ಕಾಲು ಪಾಲಿಗೆ ಸಂಜೆ ದೀಪ ಹಚ್ಚಿದ ಮೇಲೆ ದವಡೆಗೆ ಮೂರು ಬೆರಳು ಇಟ್ಟುಕೊಂಡು ಉಸಿರು ಎಣಿಸುತ್ತಾರೆ.