ಇಂಡಿಯಾ ಗೇಟಿನಲ್ಲಿ ಮುತ್ತಜ್ಜನ ಹೆಸರು ಯಾಕಿಲ್ಲ?

ಹಳೆಯ ಸೇನಾ ದಾಖಲೆಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಮನೆಯವರು ಜಾಸ್ತಿ ಕೇಳುವುದು ಇದನ್ನೇ: "ಮುತ್ತಜ್ಜ ಮೊದಲನೇ ಮಹಾಯುದ್ಧದಲ್ಲಿ ತೀರಿಕೊಂಡರು. ಇಂಡಿಯಾ ಗೇಟಿನಲ್ಲಿ ಅವರ ಹೆಸರು ಯಾಕಿಲ್ಲ?"

ಯುದ್ಧದಲ್ಲಿ ಮಡಿದ ಎಲ್ಲರ ಹೆಸರೂ ಅಲ್ಲಿಲ್ಲ. ಸ್ಮಾರಕ ಕಟ್ಟಿದ್ದು ಸುಮಾರು 70,000 ಸೈನಿಕರ ನೆನಪಿಗೆ. ಕಲ್ಲಿನಲ್ಲಿ ಕೆತ್ತಿರುವ ಹೆಸರು 13,300ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಕಾರಣ ಗೇಟಿನ ನೆತ್ತಿಯ ಮೇಲೆಯೇ ಇದೆ. ಕತ್ತೆತ್ತಿ ನೋಡಿ. 'ಇಂಡಿಯಾ' ಎಂಬ ದೊಡ್ಡ ಅಕ್ಷರಗಳ ಒಂದು ಬದಿಗೆ ರೋಮನ್ ಅಂಕಿಯಲ್ಲಿ 1914, ಇನ್ನೊಂದು ಬದಿಗೆ 1919. ಯುದ್ಧ ನಿಂತಿದ್ದು 1918ರಲ್ಲಿ ಅಲ್ವಾ? ಆ ಇನ್ನೊಂದು ವರ್ಷ ಮೂರನೇ ಆಫ್ಘನ್ ಯುದ್ಧದ್ದು. ಕೆಳಗಿನ ಬರಹ ಸತ್ತವರನ್ನು ಎರಡು ಗುಂಪು ಮಾಡುತ್ತದೆ. ಫ್ರಾನ್ಸ್, ಮೆಸಪಟೋಮಿಯಾ (ಈಗಿನ ಇರಾಕ್), ಪೂರ್ವ ಆಫ್ರಿಕಾ, ಟರ್ಕಿಯ ಗಲಿಪೊಲಿಯಲ್ಲಿ ಬಿದ್ದವರಿಗೆ ಒಟ್ಟಾಗಿ ಗೌರವ. ಹೆಸರು ಬರೆಸಿರುವುದು ಭಾರತದೊಳಗೆ, ವಾಯವ್ಯ ಗಡಿಯಲ್ಲಿ ಮತ್ತು ಆಫ್ಘನ್ ಯುದ್ಧದಲ್ಲಿ ತೀರಿಕೊಂಡವರದ್ದು. ಇವರಲ್ಲಿ ಬಹುತೇಕರಿಗೆ ಗುರುತಿರುವ ಸಮಾಧಿಯೇ ಇಲ್ಲ. ಸಾವಿರಕ್ಕೂ ಸ್ವಲ್ಪ ಹೆಚ್ಚು ಜನ ಸಿಂಧೂ ನದಿಯ ಪಶ್ಚಿಮದ ಸ್ಮಶಾನಗಳಲ್ಲಿದ್ದಾರೆ. ಅವನ್ನು ನೋಡಿಕೊಳ್ಳಲು ಆಗದೆ ಅವರ ಹೆಸರನ್ನೂ ದೆಹಲಿಗೆ ತಂದರು.

ಕಡಲಾಚೆ ಸತ್ತವರನ್ನು ಕಡಲಾಚೆಯೇ ಹುಡುಕಬೇಕು. ಸಮಾಧಿ ಸಿಗದೆ ಹೋದವರಿಗೆ ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಒಂದು ಸ್ಮಾರಕವಿದೆ. 4,700ಕ್ಕೂ ಹೆಚ್ಚು ಭಾರತೀಯರ ನೆನಪು ಅಲ್ಲಿದೆ. ಮೆಸಪಟೋಮಿಯಾದಲ್ಲಿ ಹೋದವರದ್ದು ಬಸ್ರಾ ಸ್ಮಾರಕ. ಅಲ್ಲಿನ ಕಥೆ ಹೇಳಲು ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅಧಿಕಾರಿಗಳ ಹೆಸರು ಕಲ್ಲಿನ ಮೇಲೆ ಬಂತು. ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ರೆಜಿಮೆಂಟಿನ ಕೆಳಗೆ ಬರೀ ಒಂದು ಸಂಖ್ಯೆ. ಇಂಥ ಸ್ಮಾರಕ, ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. ಶತಮಾನ ಕಳೆದ ಮೇಲೆ!

ಹಾಗಾಗಿ ಮೊದಲು ಮನೆಯ ಟ್ರಂಕ್ ತೆಗೆಯಿರಿ. ಹಳೆಯ ಬೆಳ್ಳಿ ಪದಕ ಇದ್ದರೆ ಅದರ ಮುಖ ಬಿಡಿ, ಅಂಚು ನೋಡಿ. ನಾಣ್ಯದ ದಪ್ಪದಷ್ಟೇ ಇರುವ ಆ ಪಟ್ಟಿಯಲ್ಲಿ ಸೈನಿಕನ ನಂಬರ್, ಹುದ್ದೆ, ಹೆಸರು, ರೆಜಿಮೆಂಟ್ ಸಣ್ಣಗೆ ಕೆತ್ತಿರುತ್ತದೆ. ಸುಮ್ನೆ ಉಜ್ಜಿ ಹೊಳಪು ಕೊಡಲು ಹೋಗಬೇಡಿ, ಅಕ್ಷರ ಸವೆಯುತ್ತದೆ. ನಂಬರ್ ಮತ್ತು ರೆಜಿಮೆಂಟ್ ಸಿಕ್ಕರೆ ಆಯೋಗದ ಆನ್‌ಲೈನ್ ಪಟ್ಟಿಯಲ್ಲಿ ಹುಡುಕುವುದು ಸುಲಭ. ಬರೀ ಹೆಸರಿನಿಂದ ಹುಡುಕಿದರೆ ಕಷ್ಟ. ನಮ್ಮ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಾರೆ.

ಇನ್ನೊಂದು ಗೊಂದಲ ಕಾಲದ್ದು. ಬ್ರಿಟಿಷ್ ವಾಸ್ತುಶಿಲ್ಪಿ ಲಟ್ಯೆನ್ಸ್ ವಿನ್ಯಾಸದ ಈ 42 ಮೀಟರ್ ಎತ್ತರದ ಗೇಟಿಗೆ ಅಡಿಗಲ್ಲು ಬಿದ್ದದ್ದು 1921ರಲ್ಲಿ, ಉದ್ಘಾಟನೆಯಾದದ್ದು 1931ರಲ್ಲಿ. 1971ರ ಯುದ್ಧದ ಬಳಿಕ ಅದರಡಿಯಲ್ಲಿ ಅಮರ್ ಜವಾನ್ ಜ್ಯೋತಿ ಬಂತು. ತಲೆಕೆಳಗಾದ ಬಂದೂಕು, ಮೇಲೊಂದು ಹೆಲ್ಮೆಟ್. ಅದನ್ನು ನೋಡುತ್ತಾ ಬೆಳೆದವರು 1965, 1971ರ ಹುತಾತ್ಮರ ಹೆಸರೂ ಆ ಗೋಡೆಯಲ್ಲಿದೆ ಎಂದುಕೊಂಡಿರುತ್ತಾರೆ. ಇಲ್ಲ. ಸ್ವಾತಂತ್ರ್ಯದ ನಂತರ ಮಡಿದವರ ಹೆಸರುಗಳು ಪಕ್ಕದಲ್ಲೇ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿವೆ. 2022ರ ಜನವರಿಯಲ್ಲಿ ಆ ಜ್ಯೋತಿಯನ್ನೂ ಅಲ್ಲಿನ ಜ್ಯೋತಿಯೊಂದಿಗೆ ಸೇರಿಸಿದರು. ಅಪ್ಪನ ಹೆಸರನ್ನೋ ಅಣ್ಣನ ಹೆಸರನ್ನೋ ಹುಡುಕುವವರು ನೇರವಾಗಿ ಅಲ್ಲಿನ ತ್ಯಾಗ ಚಕ್ರದ ಗೋಡೆಗಳ ಹತ್ತಿರ ಹೋಗಿ.