ಪದ ಪರಿಚಯ: ಜಾಝ್ ‘ಸ್ಟ್ಯಾಂಡರ್ಡ್’

ಜಾಝ್ ಗಿಟಾರ್ ವಾದಕರೊಬ್ಬರ ಕ್ವಾರ್ಟೆಟ್ ಆಲ್ಬಮ್ಮಿನಲ್ಲಿ ‘ಸ್ಟ್ಯಾಂಡರ್ಡ್‌ಗಳೂ ಒರಿಜಿನಲ್‌ಗಳೂ’ ಇವೆ ಎಂಬ ಮಾತು ಮೈಸೂರಿನ ಕಾರ್ಯಕ್ರಮವೊಂದರ ಕರಪತ್ರದಲ್ಲಿ ‘ಉತ್ತಮ ಗುಣಮಟ್ಟದ ಅಸಲಿ ಹಾಡುಗಳು’ ಎಂದಾಗಿರುವುದನ್ನು ಈಚೆಗೆ ನೋಡಿದೆ. ಇದೇ ಮೊದಲ ಸಲವಾಗಿದ್ದರೆ ಸುಮ್ಮನಿರಬಹುದಿತ್ತು. ಮಗು ಓದುವ ಎಂಟನೆಯ ಸ್ಟ್ಯಾಂಡರ್ಡಿಗಾಗಲಿ, ಹೋಟೆಲಿನ ಸ್ಟ್ಯಾಂಡರ್ಡು ಇಳಿದುಹೋಯಿತೆಂಬ ದೂರಿಗಾಗಲಿ ಜಾಝ್‌ನ ಸ್ಟ್ಯಾಂಡರ್ಡ್‌ನೊಂದಿಗೆ ನಂಟಿಲ್ಲ. ವಾದಕರೆಲ್ಲರಿಗೂ ಗೊತ್ತಿರಲೇಬೇಕೆಂದು ಭಾವಿಸಲಾಗುವ, ಪೂರ್ವಾಭ್ಯಾಸವಿಲ್ಲದಿದ್ದರೂ ಹೆಸರು ಮತ್ತು ಶ್ರುತಿ ಹೇಳಿದೊಡನೆ ವೇದಿಕೆಯ ಮೇಲೆ ಆರಂಭಿಸಬಹುದಾದ ರಚನೆಗೆ ಅಲ್ಲಿ ಆ ಹೆಸರಿದೆ. ‘ರೂಢಿಯ ರಚನೆಗಳು ಮತ್ತು ಸ್ವಂತ ರಚನೆಗಳು’ ಎಂದಿದ್ದರೆ ಸಾಕಾಗುತ್ತಿತ್ತು. (ಕ್ವಾರ್ಟೆಟ್ ಎಂದರೆ ನಾಲ್ಕು ಗಿಟಾರುಗಳೆಂದು ತಿಳಿಯುವವರೂ ಇದ್ದಾರೆ, ಅದು ನಾಲ್ವರು ವಾದಕರ ತಂಡ, ಗಿಟಾರ್ ವಾದಕರದಾದರೆ ಸಾಮಾನ್ಯವಾಗಿ ಗಿಟಾರ್, ಪಿಯಾನೊ, ಬೇಸ್ ಮತ್ತು ಡ್ರಮ್ಸ್.)

ಹಾಡು ಶ್ರೇಷ್ಠವೆಂದು ಯಾರೋ ತೀರ್ಪಿತ್ತುದರಿಂದ ಅದು ಸ್ಟ್ಯಾಂಡರ್ಡ್ ಆಗುವುದಿಲ್ಲ, ವಾದಕರು ಮತ್ತೆ ಮತ್ತೆ ಎತ್ತಿಕೊಳ್ಳುವುದರಿಂದ ಆಗುತ್ತದೆ. ಅಮೆರಿಕದ ಸಂಗೀತ ಸಂಯೋಜಕ ಜೆರೋಮ್ ಕರ್ನ್ ಅವರ ‘ಆಲ್ ದ ಥಿಂಗ್ಸ್ ಯೂ ಆರ್’ 1939ರ, ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಸಂಗೀತ ನಾಟಕವೊಂದರದು; ನಾಟಕ ಸೋತು ಬೇಗನೆ ಮುಚ್ಚಿತು, ಹಾಡು ಮಾತ್ರ ಜಾಝ್ ಕಲಿಯುವವರೆಲ್ಲರ ಕೈಗೆ ಬಂದಿತು. ‘ಆಟಮ್ ಲೀವ್ಸ್’ ಅಮೆರಿಕದ್ದೇ ಅಲ್ಲ, ಜೋಸೆಫ್ ಕೋಸ್ಮಾ ರಾಗ ಹಾಕಿದ ಫ್ರೆಂಚ್ ಗೀತೆ.

ಇನ್ನು ನನ್ನ ತಾಳ್ಮೆಯನ್ನು ಹೆಚ್ಚು ಪರೀಕ್ಷಿಸುವ ಗೊಂದಲಕ್ಕೆ ಬರುತ್ತೇನೆ. ಸ್ಟ್ಯಾಂಡರ್ಡ್ ಎಂದರೆ ಬೇರೆಯವರ ಹಾಡು, ಆದ್ದರಿಂದ ಅದು ‘ಕವರ್’ (ಬೇರೊಬ್ಬರ ಹಾಡಿನ ಮರುಪ್ರಸ್ತುತಿ), ಆದ್ದರಿಂದ ಒರಿಜಿನಲ್‌ಗಿಂತ ಒಂದು ಮೆಟ್ಟಿಲು ಕೆಳಗೆ ಎಂಬ ತರ್ಕವನ್ನು ಸಂಗೀತ ಬಲ್ಲವರೇ ಮುಂದಿಡುತ್ತಾರೆ. ವಿ.ವಿ. ಮೊಹಲ್ಲಾದ ಎಂಟನೆಯ ಕ್ರಾಸಿನ ಗಣೇಶೋತ್ಸವದಲ್ಲಿ ‘ವಾತಾಪಿ ಗಣಪತಿಂ’ ಹಾಡಿದವರು ದೀಕ್ಷಿತರನ್ನು ಕವರ್ ಮಾಡಿದರೆಂದು ಇವರು ಎಂದಾದರೂ ಹೇಳಿದ್ದಾರೆಯೇ? ಕೃತಿ ಎಲ್ಲರದು, ಕೇಳುಗರು ಕಾಯುವುದು ಕಲ್ಪನಾಸ್ವರಕ್ಕೆ, ಅಂದರೆ ಗಾಯಕರು ಆ ಕ್ಷಣದಲ್ಲೇ ಹೆಣೆಯುವ ಸ್ವರಗಳಿಗೆ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಕಲ್ಪನಾಸ್ವರಕ್ಕೆ ರಾಗವೂ ತಾಳವೂ ಎಲ್ಲೆ ಕಟ್ಟಿದರೆ, ಜಾಝ್ ವಾದಕನು ಹಾಡಿನ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಸರಣಿಗೆ ಬದ್ಧನಾಗಿರುತ್ತಾನೆ. ಸಾಮಾನ್ಯವಾಗಿ 32 ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಆವರ್ತದಂಥ ಅಳತೆ) ಆ ಸರಣಿ ಸುತ್ತಿ ಸುತ್ತಿ ಬರುತ್ತಿರುವಾಗ ಪ್ರತಿಯೊಂದು ಸುತ್ತಿನಲ್ಲಿಯೂ ಆತ ಹೊಸ ಧಾಟಿಯನ್ನು ಹೆಣೆಯುತ್ತಾನೆ. ಮೂಲ ಧಾಟಿ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಬಂದರೆ ಆಯಿತು. ಕೋಲ್ಮನ್ ಹಾಕಿನ್ಸ್ 1939ರಲ್ಲಿ ಸ್ಯಾಕ್ಸೊಫೋನಿನಲ್ಲಿ ನುಡಿಸಿ ಧ್ವನಿಮುದ್ರಿಸಿದ ‘ಬಾಡಿ ಅಂಡ್ ಸೋಲ್’ನಲ್ಲಿ ಮೂಲ ಧಾಟಿ ಮೊದಲ ಕೆಲವು ಬಾರ್‌ಗಳಾಚೆ ಕೇಳಿಸುವುದೇ ಅಪರೂಪ. ಅದನ್ನು ನಕಲು ಎನ್ನುವವರು ಯಾವುದರ ನಕಲೆಂದು ತೋರಿಸಬೇಕಾಗುತ್ತದೆ.

ಒರಿಜಿನಲ್ ಎಂಬುದೂ ಅಷ್ಟು ಸ್ವತಂತ್ರವಲ್ಲ. ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆ, ಬಿಟ್ಟು ಹೆಬ್ಬೆರಳಿನಿಂದಲೇ ಗಿಟಾರ್ ಮೀಟುತ್ತಿದ್ದ ವೆಸ್ ಮಾಂಟ್‌ಗೊಮರಿ 1960ರಲ್ಲಿ ಟಾಮಿ ಫ್ಲಾನಗನ್ ಅವರ ಪಿಯಾನೊ, ಪರ್ಸಿ ಹೀತ್ ಅವರ ಬೇಸ್ ಮತ್ತು ಆಲ್ಬರ್ಟ್ ಹೀತ್ ಅವರ ಡ್ರಮ್ಸ್‌ನೊಂದಿಗೆ ಧ್ವನಿಮುದ್ರಿಸಿದ ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್’ ಆಲ್ಬಮ್ಮಿನ ಎಂಟು ರಚನೆಗಳಲ್ಲಿ ನಾಲ್ಕು ಅವರವೇ. ಆ ನಾಲ್ಕರಲ್ಲೊಂದಾದ ‘ಫೋರ್ ಆನ್ ಸಿಕ್ಸ್’ನ ಕಾರ್ಡ್ ಸರಣಿ ಜಾರ್ಜ್ ಗರ್ಷ್ವಿನ್ 1935ರ ಆಪೆರಾಕ್ಕಾಗಿ ರಚಿಸಿದ ‘ಸಮರ್‌ಟೈಮ್’ ಅನ್ನು ಆಧರಿಸಿದೆ. ಅಡಿಪಾಯ ಗರ್ಷ್ವಿನ್ನರದು, ಧಾಟಿ ಮಾಂಟ್‌ಗೊಮರಿಯವರದು. ಜಾಝ್‌ನಲ್ಲಿ ಇದು ಕಳ್ಳತನವಲ್ಲ, ಎಲ್ಲರೂ ಬಲ್ಲ ಪದ್ಧತಿ. ಗರ್ಷ್ವಿನ್ನರದೇ ‘ಐ ಗಾಟ್ ರಿದಮ್’ನ ಸರಣಿಯ ಮೇಲೆ ಎಷ್ಟು ಹೊಸ ಧಾಟಿಗಳು ಹುಟ್ಟಿದವೆಂದರೆ, ವಾದಕರು ಆ ಸರಣಿಯನ್ನೇ ‘ರಿದಮ್ ಚೇಂಜಸ್’ ಎಂಬ ಪ್ರತ್ಯೇಕ ಹೆಸರಿನಿಂದ ಕರೆಯುತ್ತಾರೆ.

ಅದೇ ಆಲ್ಬಮ್ಮಿನ ಉಳಿದ ನಾಲ್ಕರಲ್ಲಿ ಸೋನಿ ರೋಲಿನ್ಸ್ ಅವರ ‘ಐರೆಜಿನ್’ ಮತ್ತು ಡೇವ್ ಬ್ರುಬೆಕ್ ಅವರ ‘ಇನ್ ಯುವರ್ ಓನ್ ಸ್ವೀಟ್ ವೇ’ ಕೂಡ ಇವೆ. ಅವೆರಡೂ 1950ರ ದಶಕದ ಜಾಝ್ ವಾದಕರ ಸ್ವಂತ ರಚನೆಗಳು, ಎಂದರೆ ಹುಟ್ಟಿದಾಗ ಒರಿಜಿನಲ್‌ಗಳೇ. ಇಂದು ಅವುಗಳ ಜೊತೆಗೆ ‘ಫೋರ್ ಆನ್ ಸಿಕ್ಸ್’ ಸಹ ಗಿಟಾರ್ ವಾದಕರ ಸ್ಟ್ಯಾಂಡರ್ಡ್‌ಗಳ ಸಾಲಿನಲ್ಲಿದೆ.