ಕಪ್ಪೆ ನೀರು ಕುಡಿಯುವುದು ಹೊಟ್ಟೆಯ ಚರ್ಮದಿಂದ

ಅರ್ಧ ನೆಲ, ಅರ್ಧ ನೀರು ಇರುವ ಟ್ಯಾಂಕ್ ಕಟ್ಟಿಸಲು ಬರುವವರು ಮೊದಲು ಕೇಳುವುದು ಜಲಪಾತದ ಬಗ್ಗೆ. ನಾನು ಕೇಳುವುದು, ಯಾವ ಕಪ್ಪೆ ಅಂತ. ಅದು ಗೊತ್ತಾಗದೆ ಗಾಜಿನ ಅಳತೆ ಕೂಡ ಹೇಳಲು ಬರುವುದಿಲ್ಲ.

ಫೈರ್ ಬೆಲ್ಲೀಡ್ ಟೋಡ್ ಆದರೆ ನೀರು ಧಾರಾಳವಾಗಿರಲಿ. ನಾಲ್ಕೈದು ಸೆಂ.ಮೀ. ಉದ್ದದ ಈ ಕಪ್ಪೆ ದಿನದ ಬಹುಪಾಲು ನೀರಲ್ಲೇ ತೇಲಿಕೊಂಡಿರುತ್ತದೆ. ಡಾರ್ಟ್ ಫ್ರಾಗ್ ನೆಲದ ಪ್ರಾಣಿ, ಈಜು ಅಷ್ಟಕ್ಕಷ್ಟೇ. ಅದಕ್ಕೆ ಆಳದ ಕೊಳ ಮಾಡಿಕೊಟ್ಟರೆ ಮುಳುಗಿ ಸಾಯುವ ಅಪಾಯವಿದೆ. ಮರಗಪ್ಪೆಗೆ ಬೇಕಾದದ್ದು ಎತ್ತರ. ಮೂರನ್ನೂ ಒಂದೇ ಟ್ಯಾಂಕಿಗೆ ಬಿಡೋಣ ಅನ್ನುವವರೂ ಸಿಗುತ್ತಾರೆ. ಬೇಡ. ಫೈರ್ ಬೆಲ್ಲೀಡ್ ಟೋಡ್‌ನ ಚರ್ಮದಿಂದ ಒಸರುವ ವಿಷ ಉಳಿದ ಕಪ್ಪೆಗಳಿಗೆ ತೊಂದರೆ ಕೊಡುತ್ತದೆ. ಅದನ್ನು ಮುಟ್ಟಿದ ಕೈಯಲ್ಲಿ ನಿಮ್ಮ ಕಣ್ಣು ಉಜ್ಜಿಕೊಂಡರೂ ಉರಿ ತಪ್ಪಿದ್ದಲ್ಲ.

ಒದ್ದೆ ಪಾಚಿಯ ಮೇಲೆ ಕೂತ ಕಪ್ಪೆಯನ್ನು ಸ್ವಲ್ಪ ಹೊತ್ತು ಗಮನಿಸಿ. ಹಿಂಗಾಲು ಅಗಲಿಸಿ, ಹೊಟ್ಟೆಯ ಕೆಳಭಾಗವನ್ನು ಪಾಚಿಗೆ ಒತ್ತಿಕೊಂಡು ಸುಮ್ನೆ ಕೂತಿರುತ್ತದೆ. ಸೋಮಾರಿತನ ಅಲ್ಲ ಅದು, ನೀರು ಕುಡಿಯುತ್ತಿದೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ತೊಡೆಸಂದಿಯ ಹತ್ತಿರದ ತೆಳು ಚರ್ಮ ನೀರು ಹೀರುತ್ತದೆ. ನೀರಿನ ಜೊತೆ ಅದರಲ್ಲಿ ಕರಗಿದ್ದೂ ಒಳಗೆ ಹೋಗುತ್ತದೆ. ಹಾಗಾಗಿ ಟ್ಯಾಂಕಿಗೆ ಏನೇ ಹಾಕಿದರೂ ಅದು ಕಪ್ಪೆಯ ಮೈ ಸೇರುತ್ತದೆ ಅಂತಲೇ ಇಟ್ಟುಕೊಳ್ಳಿ. ನಲ್ಲಿ ನೀರಿನ ಕ್ಲೋರಿನ್, ಬಕೆಟ್ಟಿನಲ್ಲಿ ಉಳಿದ ಸೋಪು, ನರ್ಸರಿಯಲ್ಲಿ ಗಿಡಕ್ಕೆ ಹೊಡೆದ ಔಷಧಿ, ಯಾವುದೂ ಇದಕ್ಕೆ ಹೊರತಲ್ಲ.

ನೀರನ್ನು ಒಂದು ದಿನ ತೆರೆದಿಟ್ಟರೆ ಸಾಕು ಅನ್ನುವ ಮಾತು ಅರ್ಧ ಮಾತ್ರ ನಿಜ. ಕ್ಲೋರಿನ್ ಹಾರಿಹೋಗುತ್ತದೆ, ಕೆಲವು ಕಡೆ ಅದರ ಬದಲು ನಲ್ಲಿ ನೀರಿಗೆ ಬೆರೆಸುವ ಕ್ಲೋರಮಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಎರಡಕ್ಕೂ ಆಗುವ ಡಿಕ್ಲೋರಿನೇಟರ್ ದ್ರಾವಣ ಹಾಕಿಬಿಡಿ. ಗಿಡ ತಂದರೆ ಕುಂಡದ ಮಣ್ಣನ್ನೆಲ್ಲ ಉದುರಿಸಿ, ಬೇರು, ಎಲೆ ಚೆನ್ನಾಗಿ ತೊಳೆದು, ಕೆಲವು ವಾರ ಬೇರೆ ಇಡಿ. ಬೇರಿನ ನಡುವೆ ಗೊಬ್ಬರದ ಪುಟ್ಟ ಗುಂಡುಗಳು ಸಿಕ್ಕಿಕೊಂಡಿರುತ್ತವೆ. ಒಂದೊಂದನ್ನೂ ಕಿತ್ತು ತೆಗೆಯಿರಿ.

ಇನ್ನು ನೆಲ, ನೀರಿನ ವಿಂಗಡಣೆ. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಗಾಜಿನ ಅಡ್ಡಗೋಡೆ. ಅಕ್ವೇರಿಯಂಗೆ ಬಳಸುವ ಸಿಲಿಕೋನ್‌ನಿಂದ ಅಂಟಿಸಿ, ಪೂರ್ತಿ ಒಣಗಲು ಬಿಡಿ. ಬೂಷ್ಟು ತಡೆಯುವ ಔಷಧಿ ಬೆರೆಸಿದ ಬಾತ್‌ರೂಮ್ ಸಿಲಿಕೋನ್ ಬೇಡ. ನೆಲದ ಕಡೆ ತಳದಲ್ಲಿ ನಾಲ್ಕೈದು ಸೆಂ.ಮೀ. ಸುಟ್ಟ ಮಣ್ಣಿನ ಹಗುರ ಉಂಡೆಗಳು, ಮೇಲೊಂದು ಜಾಲರಿ, ಅದರ ಮೇಲೆ ಕೊಕೊಪೀಟ್, ಇದ್ದಿಲ ಚೂರು, ಸ್ಫ್ಯಾಗ್ನಂ ಪಾಚಿ ಸೇರಿದ ಮಣ್ಣು, ಕೊನೆಗೆ ಒಣ ಎಲೆ. ಮೂಲೆಯಲ್ಲಿ ತಳದವರೆಗೆ ಇಳಿಯುವ ಸಣ್ಣ ಪೈಪ್ ನಿಲ್ಲಿಸಿ. ಸಿಂಪಡಿಸಿದ ನೀರು ಉಂಡೆಗಳ ನಡುವೆ ತುಂಬಿಕೊಂಡಾಗ ಅಲ್ಲಿಂದಲೇ ಹೀರಿ ತೆಗೆಯಬಹುದು.

ಹೊಸ ಟ್ಯಾಂಕುಗಳಲ್ಲಿ ನಾನು ಜಾಸ್ತಿ ನೋಡುವ ದೂರು ಒಂದಿದೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕೊಳದ ನೀರು ಇಳಿದಿದೆ, ನೆಲ ಕೆಸರಾಗಿದೆ. ಎಲ್ಲೋ ಸೋರುತ್ತಿದೆ ಅಂತ ಗಾಬರಿಯಾಗುತ್ತಾರೆ. ಹೋಗಿ ನೋಡಿದರೆ ಅಡ್ಡಗೋಡೆಯ ಮೇಲಿಂದ ಪಾಚಿಯ ಒಂದು ಎಳೆ ನೀರಿಗೆ ಇಳಿಬಿದ್ದಿರುತ್ತದೆ. ಆ ಎಳೆ ದೀಪದ ಬತ್ತಿಯ ಹಾಗೆ ನೀರು ಎಳೆದು ಮಣ್ಣಿಗೆ ಇಳಿಸುತ್ತಿರುತ್ತದೆ. ಹೀಗೆ ನೆನೆದ ಮಣ್ಣು ವಾಸನೆ ಬರುತ್ತದೆ, ಬೇರು ಕೊಳೆಯುತ್ತದೆ. ಗೋಡೆಯ ಅಂಚಿನಲ್ಲಿ ಒಂದು ಬೆರಳಗಲ ಬರಿದಾಗಿ ಬಿಡಿ. ಚೆಂದ ಕಾಣುವುದಿಲ್ಲ ಅನ್ನಿಸಿದರೆ ಕಲ್ಲು ಜೋಡಿಸಿ, ಪಾಚಿ ಮಾತ್ರ ದಾಟದಿರಲಿ.

ಫೈರ್ ಬೆಲ್ಲೀಡ್ ಟೋಡ್‌ಗೆ ಹತ್ತು ಸೆಂ.ಮೀ. ಆಳ ಸಾಕು. ಆಳಕ್ಕಿಂತ ಮುಖ್ಯ, ಹತ್ತಿ ಹೊರಬರುವ ದಾರಿ. ಗಾಜಿನ ಗೋಡೆ ಜಾರುತ್ತದೆ ಅಲ್ವಾ? ಒಂದಕ್ಕಿಂತ ಹೆಚ್ಚು ಕಡೆ ಕಾರ್ಕ್ ತೊಗಟೆಯನ್ನೋ ಒರಟು ಕಲ್ಲನ್ನೋ ಇಳಿಜಾರಾಗಿ ಇಡಿ, ಅಲುಗಾಡದ ಹಾಗೆ. ಜಲ್ಲಿಕಲ್ಲು ಕಪ್ಪೆಯ ತಲೆಗಿಂತ ದೊಡ್ಡದಿರಲಿ. ಹುಳಕ್ಕೆ ಬಾಯಿ ಹಾಕುವಾಗ ಸಣ್ಣ ಕಲ್ಲನ್ನೂ ನುಂಗಿಬಿಡುತ್ತವೆ.

ಜಲಪಾತದ ವಿಷಯಕ್ಕೆ ಬಂದರೆ, ನನ್ನ ಅಭಿಪ್ರಾಯ ಕೇಳಿದರೆ ಬೇಡ. ನೀರು ದಾರಿ ತಪ್ಪಿ ಮಣ್ಣಿಗೆ ಹರಿಯುತ್ತದೆ, ಪಂಪಿಗೆ ಕಸ ಕಟ್ಟುತ್ತದೆ. ಮೆಲ್ಲಗೆ ಓಡುವ ಸ್ಪಂಜ್ ಫಿಲ್ಟರ್ ಒಂದಿದ್ದರೆ ಕೆಲಸ ನಡೆಯುತ್ತದೆ. ಪಂಪ್ ಬೇಕೇ ಬೇಕು ಅಂದರೆ ಅದು ನೀರೆಳೆಯುವ ಬಾಯಿಗೆ ಸ್ಪಂಜ್ ಸುತ್ತಿ, ಇಲ್ಲದಿದ್ದರೆ ಕಪ್ಪೆಯ ಕಾಲು ಸಿಕ್ಕಿಕೊಳ್ಳಬಹುದು.

ಗಿಡದಲ್ಲಿ ಆಯ್ಕೆ ಬಹಳ. ಮನಿಪ್ಲಾಂಟ್ ಬಳ್ಳಿಯ ಬೇರನ್ನು ನೀರಿಗೆ ಇಳಿಬಿಡಿ, ಹೊಲಸಿನಿಂದ ನೀರಿಗೆ ಸೇರುವ ನೈಟ್ರೇಟ್ ಹೀರಿಕೊಳ್ಳುತ್ತದೆ. ನೀರೊಳಗೆ ಅನುಬಿಯಾಸ್, ಜಾವಾ ಫರ್ನ್ ಇಟ್ಟರೆ ಅವುಗಳ ಗಡ್ಡೆಕಾಂಡ ಹೂಳಬೇಡಿ, ಕೊಳೆಯುತ್ತದೆ. ಮರದ ತುಂಡಿಗೆ ದಾರದಲ್ಲಿ ಕಟ್ಟಿದರೆ ತಾನೇ ಹಿಡಿದುಕೊಳ್ಳುತ್ತದೆ.

ಇಷ್ಟೆಲ್ಲ ಮುಗಿದ ದಿನವೇ ಕಪ್ಪೆ ತರಬೇಡಿ. ಕಪ್ಪೆಯ ಹೊಲಸಿನಿಂದ ಅಮೋನಿಯಾ ಬರುತ್ತದೆ, ಅದು ಕಪ್ಪೆಗೇ ವಿಷ. ಅದನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅದೂ ಬರೀ ನೀರು ತುಂಬಿಸಿಟ್ಟರೆ ಬೆಳೆಯುವುದಿಲ್ಲ, ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು, ಅದು ಕೊಳೆತು ಬರುವ ಅಮೋನಿಯಾ ಬ್ಯಾಕ್ಟೀರಿಯಾಗೆ ಊಟ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಕಪ್ಪೆಗೆ ಜಾಗ ಸಿದ್ಧ. ಈ ನಡುವೆ ಮರದ ಮೇಲೆ ಬಿಳಿ ಬೂಷ್ಟು ಬರುತ್ತದೆ. ಉಜ್ಜಿ ತೆಗೆಯುವ ಬದಲು ಸ್ಪ್ರಿಂಗ್‌ಟೇಲ್ ಹುಳ ಬಿಡಿ, ತಿಂದು ಮುಗಿಸುತ್ತವೆ.

ಬಿಸಿ ಜಾಸ್ತಿಯಾದರೆ ತಂಪಿಗಿಂತ ಬೇಗ ಕೊಲ್ಲುತ್ತದೆ. ಫೈರ್ ಬೆಲ್ಲೀಡ್ ಟೋಡ್ ಕೊರಿಯಾ, ಈಶಾನ್ಯ ಚೀನಾದ ಕಡೆಯದು, 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಗಾಜಿಗೆ ದಿನವಿಡೀ ಮಂಜು ಹಿಡಿದಿದ್ದರೆ ಗಾಳಿ ಆಡುತ್ತಿಲ್ಲ ಅಂತಲೇ ಅರ್ಥ. ಮುಚ್ಚಳದ ಒಂದು ಭಾಗ ಜಾಲರಿ ಇರಲಿ.

ಕ್ರಿಕೆಟ್ ಹುಳಗಳನ್ನು ನೆಲದ ಕಡೆ ತಟ್ಟೆಯಲ್ಲಿ ಕೊಡಿ, ಕ್ಯಾಲ್ಸಿಯಂ ಪುಡಿ ಸವರಿ. ನೀರಿಗೆ ಬಿದ್ದು ಸತ್ತ ಹುಳವನ್ನು ಅದೇ ದಿನ ತೆಗೆಯಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹಳೆ ನೀರನ್ನು ಕೆರೆಗೋ ಚರಂಡಿಗೋ ಸುರಿಯಬೇಡಿ. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ಹತ್ತುತ್ತದೆ, ನೀರಿನ ಮೂಲಕ ಹರಡುತ್ತದೆ. ಲೋಕದಲ್ಲಿ 500ಕ್ಕೂ ಹೆಚ್ಚು ಜಾತಿಯ ಉಭಯಚರಗಳು ಅದರಿಂದ ಕಡಿಮೆಯಾಗಿವೆ. ನೋಡಲು ಆರೋಗ್ಯವಾಗಿರುವ ಕಪ್ಪೆಯ ಮೈಮೇಲೂ ಅದು ಇರಬಹುದು. ಬಕೆಟ್ಟಿಗೆ ಬ್ಲೀಚ್ ಬೆರೆಸಿ, ಒಂದಷ್ಟು ಹೊತ್ತು ಬಿಟ್ಟು, ಆಮೇಲೆ ಟಾಯ್ಲೆಟ್‌ಗೆ ಸುರಿಯಿರಿ. ಬ್ಲೀಚ್ ಹಾಕಿದ ಬಕೆಟ್ ಬೇರೆಯೇ ಇರಲಿ, ಟ್ಯಾಂಕಿಗೆ ನೀರು ತುಂಬಲು ಅದನ್ನು ಬಳಸಬೇಡಿ.